ರಾಣಿಯ ಉರಿಗೆ ಹೆಸರಿಟ್ಟವಳು

"ಕೇಳ್ರಪ್ಪೋ ಕೇಳಿ! ಬಸುರಿ ರಾಣಿಯವರು ಜ್ವರದಲ್ಲಿ ನರಳ್ತಾ ಅವ್ರೆ. ತಮಗೇನಾಗಿದೆ ಅಂತ ಮೂರು ಒಗಟಲ್ಲಿ ಹೇಳ್ತಾರೆ. ಬಿಡಿಸಿದೋರು ಕೇಳಿದ್ದು ಕೊಡ್ತೀವಿ, ತಪ್ಪಿದೋರ ತಲೆ ತೆಗೀತೀವಿ. ದೊರೆಗಳ ಅಪ್ಪಣೆ!"

ಒಗಟು ಯಾಕೆ ಅಂತೀರಾ? ಆ ಅರಮನೆಯಲ್ಲಿ ರಾಣಿಯ ಹೊಕ್ಕುಳಿನ ಕೆಳಗಿನ ಮಾತನ್ನು ಯಾರೂ ಆಡುವಂತಿರಲಿಲ್ಲ, ರಾಣಿಯೂ ಕೂಡ. ಆಡಿದರೆ ಅದಕ್ಕೂ ತಲೆದಂಡ. ಎಂಥ ಚೆಂದದ ಮರ್ಯಾದೆ ನೋಡಿ! ಹೆಂಗಸು ಸತ್ತರೂ ಸರಿ, ಮಾತು ಮೈಲಿಗೆಯಾಗಬಾರದು.

ಡಂಗುರ ಕೇಳಿ ಗುಡಿಸಲಿನ ದೇವೀರಿ ಎದ್ದು ನಿಂತಳು. ಅವಳೂ ಬಸುರಿ. ಮೊದಲ ಬಸಿರು ಇಂಥದೇ ಜ್ವರದಲ್ಲಿ ದಿನ ತುಂಬುವ ಮುಂಚೆಯೇ ಹೋಗಿತ್ತು.

"ಬ್ಯಾಡ ಕಣೇ, ತಲೆ ಹೋಗ್ತದೆ" ಎಂದು ಗಂಡ ಕೈ ಹಿಡಿದ.

"ಆವತ್ತು ನಾಚ್ಕೊಂಡು ಬಾಯಿ ಮುಚ್ಕೊಂಡಿದ್ದಕ್ಕೇ ಕೂಸು ಹೋಯ್ತು. ಬಿಡು" ಎಂದು ಕೊಸರಿಕೊಂಡು ಹೊರಟಳು.

ಆಸ್ಥಾನದಲ್ಲಿ ಪರದೆಯ ಹಿಂದಿನಿಂದ ರಾಣಿಯ ದನಿ ಬಂತು. "ಗಳಿಗೆಗೊಮ್ಮೆ ಬಾಗಿಲು ಬಡಿಯುತ್ತಾಳೆ. ತೆಗೆದರೆ ನಾಲ್ಕು ಹನಿ ಚೆಲ್ಲಿ ಕೆಂಡ ಇಟ್ಟು ಹೋಗುತ್ತಾಳೆ. ಯಾರವಳು?"

ಜೋಯಿಸರು "ಕಣ್ಣೀರು" ಎಂದರು. ಭಟರು ಸೆರೆಗೆ ಎಳೆದೊಯ್ದರು. ಆಸ್ಥಾನ ವೈದ್ಯನಿಗೆ ಉತ್ತರ ಗೊತ್ತಿತ್ತು. ಆದರೂ, ಸಾಯುವುದಾದರೆ ಮರ್ಯಾದೆಯಾಗಿ ಸಾಯೋಣ ಅಂದುಕೊಂಡನೋ ಏನೋ, "ಮಿಂಚಿನ ಮೋಡ" ಎಂದ. ಅವನನ್ನೂ ಎಳೆದೊಯ್ದರು.

"ಉಚ್ಚೆ ಕಣವ್ವಾ" ಎಂದಳು ದೇವೀರಿ. "ಉರಿ ಉಚ್ಚೆ."

ಸಭೆಯೆಲ್ಲ ಕಿವಿ ಮುಚ್ಚಿಕೊಂಡಿತು. ದೊರೆ ಕತ್ತಿ ಹಿರಿದ.

"ನಿಲ್ಲಿ, ಉತ್ತರ ಸರಿ!" ಎಂದಳು ರಾಣಿ. "ಇನ್ನೊಂದು ಕೇಳು. ಪ್ರೀತಿಯ ನೆಂಟ ಮನೆಗೆ ಬಂದ. ಅವನು ಕೂತ ಭಾರಕ್ಕೆ ಕಾಲುವೆ ಒತ್ತಿಹೋಗಿ ನೀರು ನಿಂತಿತು, ನಿಂತ ನೀರಲ್ಲಿ ಹುಳ ಹೆಚ್ಚಿತು. ನೆಂಟ ಯಾರು?"

"ಹೊಟ್ಟೇಲಿರೋ ಕೂಸು. ಅದರ ತಪ್ಪೇನಿಲ್ಲ ಬುಡಿ, ಜಾಗ ಇಕ್ಕಟ್ಟು. ಉಚ್ಚೆ ಪೂರ್ತಿ ಹೋಗಾಕಿಲ್ಲ, ಕಣ್ಣಿಗೆ ಕಾಣದ ಹುಳ ಬೆಳೀತವೆ. ಸುಮ್ನಿದ್ರೆ ಮೇಲಕ್ಕೇರಿ ಚಳಿಜ್ವರ ಬತ್ತದೆ. ಕೂಸು ದಕ್ಕಾಕಿಲ್ಲ."

ರಾಣಿ ಮೂರನೆಯದನ್ನು ಕೇಳಿದಳು. "ಒಂದೇ ಏಟಿಗೆ ಶತ್ರುವನ್ನು ಕೊಲ್ಲುತ್ತಿದ್ದ ಕತ್ತಿ ಈಗ ಅವನಿಗೆ ನಾಟುವುದೇ ಇಲ್ಲ. ಅದನ್ನು ಮೊಂಡು ಮಾಡಿದವರು ಯಾರು?"

ದೇವೀರಿ ದೊರೆಯನ್ನೇ ನೆಟ್ಟಗೆ ನೋಡಿದಳು.

"ನೀವೇ ಬುದ್ಧಿ! ಕತ್ತಿ ಅಂದ್ರೆ ಹುಳ ಕೊಲ್ಲೋ ನಿಮ್ಮ ಅರಮನೆ ಮದ್ದು. ಸೀನಿದೋರಿಗೆಲ್ಲ ಹಂಚಿದ್ರಿ, ದಪ್ಪಗಾಗ್ಲಿ ಅಂತ ಕೋಳಿಗೂ ತಿನ್ನಿಸಿದ್ರಿ. ನೋವು ತಗ್ಗಿದೇಟ್ಗೆ ಅರ್ಧಕ್ಕೆ ಬುಟ್ಟೋರ್ನ ಕೇಳೋರಿಲ್ಲ. ಉಳಿದ ಹುಳ ಮದ್ದಿಗೇ ಪಳಗಿದ್ವು, ಈಗ ಸಾಯಾಕಿಲ್ಲ. ನಾಚ್ಕೆ ಬುಟ್ಟು ಕೊನೇಗಳಿಗೇಲಿ ನುಂಗಿದ್ರೂ ನಂಗೆ ಆ ಮದ್ದು ಹತ್ತಲಿಲ್ಲ, ನನ್ ಕೂಸು ಹೋಯ್ತು. ಈಗ ಆ ಹುಳ ನಿಮ್ಮ ಮನೆ ಬಾಗ್ಲಿಗೂ ಬಂದವೆ. ತೆಗೀರಿ ನನ್ ತಲೆಯ!"

ರಾಣಿ ತಾನೇ ಪರದೆ ಸರಿಸಿ ಹೊರಗೆ ಬಂದಳು. "ಮೂರೂ ಸರಿ. ಇವಳ ತಲೆ ತೆಗೆದರೆ ನನ್ನದನ್ನೂ ತೆಗೆಯಿರಿ."

ದೊರೆ ಕತ್ತಿ ಕೆಳಗಿಟ್ಟ. "ಏನು ಮಾಡಬೇಕು, ಹೇಳವ್ವ."

"ಹೊಳೆಯಾಚೆ ಒಬ್ಬ ವೈದ್ಯೆ ಅವ್ಳೆ, ಈ ಸಲ ನನ್ನ ಕಾಪಾಡಿದ್ದು ಅವಳೇ. ಉಚ್ಚೆ ಪರೀಕ್ಷೆ ಮಾಡಿ, ಈ ಹುಳ ಯಾವ ಮದ್ದಿಗೆ ಸಾಯ್ತವೆ, ಯಾವ್ದು ಕೂಸಿಗೆ ಕೆಡಕಾಗಲ್ಲ ಅಂತ ನೋಡಿ ಕೊಡ್ತಾಳೆ. ಅವಳು ಹೇಳಿದಷ್ಟೂ ನುಂಗಬೇಕು, ನಡುವೆ ಬುಡಂಗಿಲ್ಲ."

ಹಾಗೇ ಮಾಡಿದರು. ಜ್ವರ ಇಳಿಯಿತು. ದಿನ ತುಂಬಿ ರಾಣಿಗೂ ಕೂಸಾಯಿತು, ದೇವೀರಿಗೂ ಆಯಿತು. ಬಹುಮಾನವಾಗಿ ದೇವೀರಿ ಸೆರೆಯಲ್ಲಿದ್ದ ಜೋಯಿಸರ, ವೈದ್ಯನ ತಲೆ ಉಳಿಸಿದಳು, ಜೊತೆಗೆ ಮದ್ದಿನ ಕೋಣೆಯ ಬೀಗದ ಕೈ ಕೇಳಿ ಪಡೆದಳು.

ಚಳಿಗಾಲ ಬಂತು. ಒಂದು ಬೆಳಿಗ್ಗೆ ದೊರೆಯೇ ಮೂಗು ಒರೆಸಿಕೊಳ್ಳುತ್ತ ಆ ಕೋಣೆಯ ಮುಂದೆ ನಿಂತು ಕೈ ಚಾಚಿದ.

ದೇವೀರಿ ಕಂಕುಳಲ್ಲಿದ್ದ ಕೂಸನ್ನು ಮೇಲಕ್ಕೆತ್ತಿಕೊಂಡಳು.

"ನೆಗಡಿಗೆ ಇಲ್ಲ ಬುದ್ಧಿ. ಬಿಸಿನೀರು ಕುಡ್ದು ಮಲಿಕ್ಕೊಳ್ಳಿ ಹೋಗಿ."