ನಿಲ್ಲದ ಯಂತ್ರದ ಲೆಕ್ಕ

"ಗುರುಗಳೇ, ಮೈ ಇನ್ನೂ ಕುಸಿದಿಲ್ಲ, ತಲೆ ಸುತ್ತಿಲ್ಲ. ಅಂದ ಮೇಲೆ ಅದನ್ನು ಇನ್ನಷ್ಟು ದುಡಿಸಿದರೆ ತಪ್ಪೇನು?" ಎಂದು ಅಡಿವೆಯ್ಯ ಕೇಳಿದ.

ಅಡಿವೆಯ್ಯ ಮಠದ ಶಿಷ್ಯ, ಅಲ್ಲಿನ ಮಕ್ಕಳಿಗೆ ಪಾಠವನ್ನೂ ಹೇಳಿಕೊಡುತ್ತಿದ್ದ. ಆ ವರ್ಷ ಅವನು ಊಟವನ್ನು ಒಪ್ಪೊತ್ತಿಗೆ ಇಳಿಸಿದ್ದ. ನಿದ್ದೆಯನ್ನು ಅರ್ಧ ಮಾಡಿದ್ದ. ಓದನ್ನೂ ಜಪವನ್ನೂ ಇಮ್ಮಡಿ ಮಾಡಿದ್ದ. ಮಿತಿ ಮುಟ್ಟಿದಾಗ ಮೈ ತಾನಾಗಿ ಹೇಳುತ್ತದೆ, ಅಲ್ಲಿಯವರೆಗೆ ನಡೆಯುವುದೇ ಸಾಧನೆ ಎಂದು ಅವನು ನಂಬಿದ್ದ.

ಗುರುಗಳು ಚಾಪೆ ತೋರಿಸಿದರು. "ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ನದಿ ದಂಡೆಯ ಒಂದು ಪಟ್ಟಣದಲ್ಲಿ ನೀಲಗಂಗಾ ಎಂಬ ಇಂಜಿನಿಯರ್ ಇದ್ದಳು. ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರು ಯಾವ ಊರಿಗೆ ಯಾವಾಗ ಮುಟ್ಟುತ್ತದೆ, ಎಲ್ಲಿಯವರೆಗೆ ಏರುತ್ತದೆ ಎಂದು ಲೆಕ್ಕ ಹಾಕಿ ಮುಂಚಿತವಾಗಿ ಹೇಳುವುದು ಅವಳ ಕೆಲಸ. ನದಿಯ ಆಳ, ದಂಡೆಯ ಎತ್ತರ, ಬಿದ್ದ ಮಳೆ, ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟರೆ ಅದು ಉತ್ತರ ಕೊಡುತ್ತಿತ್ತು. ದೊಡ್ಡ ಲೆಕ್ಕಗಳಿಗೆ ದೂರದ ರಾಜಧಾನಿಯಲ್ಲಿ ದೊಡ್ಡ ಯಂತ್ರವಿತ್ತು. ಅವಳ ಮೇಜಿನ ಮೇಲೆ ಇದ್ದದ್ದು ಒಂದು ಸಾಧಾರಣ ಡೆಸ್ಕ್‌ಟಾಪ್.

ಒಂದು ಮಳೆಗಾಲದ ಬೆಳಿಗ್ಗೆ ಮೇಲಿನಿಂದ ಸುದ್ದಿ ಬಂತು. ಅಣೆಕಟ್ಟು ತುಂಬಿದೆ, ಬಾಗಿಲುಗಳನ್ನೆಲ್ಲ ತೆರೆಯುತ್ತಿದ್ದೇವೆ ಎಂದು. ಅಷ್ಟು ನೀರನ್ನು ಒಮ್ಮೆಲೇ ಹಿಂದೆಂದೂ ಬಿಟ್ಟಿರಲಿಲ್ಲ. ಅದೇ ಹೊತ್ತಿಗೆ ರಾಜಧಾನಿಗೆ ಹೋಗುವ ಕೇಬಲ್ಲು ಎಲ್ಲೋ ದಾರಿಯಲ್ಲಿ ಕೊಚ್ಚಿಹೋಯಿತು. ದೊಡ್ಡ ಯಂತ್ರದ ಆಸರೆ ತಪ್ಪಿತು.

ಕೆಳಗಿನ ಹಳ್ಳಿಯ ಪಂಚಾಯಿತಿ ಅಧ್ಯಕ್ಷ ಭರಮಣ್ಣ ಫೋನ್ ಮಾಡಿದ. ಅವನಿಗೆ ವಯಸ್ಸಾಗಿತ್ತು. ನೀಲಗಂಗಾಳನ್ನು ಮಗಳಂತೆ ಕಾಣುತ್ತಿದ್ದ.

"ತಾಯಿ, ಕೆಳಗಿನ ಓಣಿಯವರನ್ನು ಗುಡ್ಡಕ್ಕೆ ಕಳಿಸಲೋ ಬೇಡವೋ? ಹಾಸಿಗೆ ಹಿಡಿದವರಿದ್ದಾರೆ, ಹಸಿ ಬಾಣಂತಿಯರಿದ್ದಾರೆ. ಈ ಮಳೆಗೆ ಅವರನ್ನು ಸುಮ್ಮನೆ ಹೊರಗೆ ಹಾಕಿದರೂ ಜೀವಕ್ಕೆ ಕುತ್ತು. ನೀನು ಹೇಳಿದ ಹಾಗೆ ಮಾಡುತ್ತೇನೆ."

"ಮಧ್ಯಾಹ್ನದ ಒಳಗೆ ಹೇಳುತ್ತೇನೆ, ಅಧ್ಯಕ್ಷರೇ" ಎಂದಳು ನೀಲಗಂಗಾ.

ಮಾತು ಕೊಟ್ಟ ಮೇಲೆ ಅವಳು ಯಂತ್ರದ ಕಡೆ ತಿರುಗಿದಳು. ಲೆಕ್ಕ ಶುರುವಾಗಿತ್ತು. ಅದು ಸಾಗುತ್ತಿದ್ದ ರೀತಿ ನೋಡಿದರೆ ಸಂಜೆ ಕಳೆದ ಮೇಲೆ ಉತ್ತರ ಬರುವಂತಿತ್ತು. ನೀರು ಸಂಜೆಗೇ ಬರುವುದಿತ್ತು. ಯಂತ್ರ ಬಾಯಿ ಬಿಡುವುದರೊಳಗೆ ನದಿಯೇ ಬಂದು ಉತ್ತರ ಹೇಳಿಬಿಡುತ್ತಿತ್ತು.

ಯಂತ್ರದೊಳಗೆ ಲೆಕ್ಕ ಮಾಡುವ ಬಿಲ್ಲೆಯಾದ ಪ್ರೊಸೆಸರನ್ನು ತಯಾರಿಸಿದವರು ಅದಕ್ಕೊಂದು ವೇಗ ಗೊತ್ತುಮಾಡಿರುತ್ತಾರೆ. ಆ ವೇಗವನ್ನು ಮೀರಿ ಅದನ್ನು ಓಡಿಸಬಹುದು. ಇದು ನೀಲಗಂಗಾಳಿಗೆ ಗೊತ್ತಿತ್ತು. ಓದುವ ಕಾಲದಲ್ಲಿ ಗೆಳತಿಯರ ಜೊತೆ ಪಂದ್ಯ ಕಟ್ಟಿಕೊಂಡು ಅವಳು ಅದನ್ನು ಮಾಡಿದ್ದಳು. ಅದರ ಕಷ್ಟವೂ ಅವಳಿಗೆ ಗೊತ್ತಿತ್ತು. ವೇಗ ಏರಿಸಿದರೆ ಪ್ರೊಸೆಸರಿಗೆ ವೋಲ್ಟೇಜ್ ಸಾಲದಾಗುತ್ತದೆ. ವೋಲ್ಟೇಜ್ ಏರಿಸಿದರೆ ಶಾಖ ಏರುತ್ತದೆ. ಶಾಖ ಮಿತಿ ಮುಟ್ಟಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಲ್ಲಿಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಅವಳು ಲೆಕ್ಕ ನಿಲ್ಲಿಸಿದಳು. ವೇಗ ಏರಿಸಿ ಯಂತ್ರವನ್ನು ಮತ್ತೆ ಚಾಲು ಮಾಡಿದಳು. ಪರದೆ ನೀಲಿಯಾಗಿ ಯಂತ್ರ ನಿಂತುಹೋಯಿತು. ವೋಲ್ಟೇಜ್ ಕೊಂಚ ಏರಿಸಿದಳು. ಓಡಿತು, ಆಮೇಲೆ ನಿಂತಿತು. ಇನ್ನೂ ಕೊಂಚ ಏರಿಸಿದಳು. ಈಗ ನಿಲ್ಲದೆ ಓಡಿತು. ಆದರೆ ಶಾಖ ನೋಡನೋಡುತ್ತಿದ್ದಂತೆ ಮೇಲೇರಿ ಮಿತಿ ಮುಟ್ಟಿತು. ಪ್ರೊಸೆಸರ್ ಮೊದಲಿಗಿಂತ ನಿಧಾನವಾಯಿತು.

ಅವಳು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಳು. ಒಳಗೆ ಧೂಳು ಹತ್ತಿಯಂತೆ ಕೂತಿತ್ತು. ಬ್ರಷ್ ಹಿಡಿದು ಕೆರೆದು ತೆಗೆದಳು. ಶಾಖವನ್ನು ಹೊರಗೆಳೆಯಲು ಪ್ರೊಸೆಸರ್ ಮೇಲೆ ಹಚ್ಚುವ ಪೇಸ್ಟು ಒಣಗಿ ಹುಡಿಯಾಗಿತ್ತು. ಅದನ್ನು ಒರೆಸಿ ಹೊಸದು ಹಚ್ಚಿದಳು. ಮೇಜಿನ ಫ್ಯಾನನ್ನು ತಂದು ಪೆಟ್ಟಿಗೆಗೆ ಎದುರಾಗಿ ಇಟ್ಟಳು. ಶಾಖ ಇಳಿಯಿತು. ಆದರೂ ಮಿತಿಯ ಅಂಚಿನಲ್ಲೇ ಆಡುತ್ತಿತ್ತು. ಹೊರಗೆ ಮಳೆ ಬಿಟ್ಟಿರಲಿಲ್ಲ. ಹೊತ್ತು ಜಾರುತ್ತಿತ್ತು.

ಆಗ ಅವಳು ವೋಲ್ಟೇಜನ್ನು ಕೂದಲೆಳೆಯಷ್ಟು ಇಳಿಸಿದಳು. ವೇಗವನ್ನು ಮುಟ್ಟಲಿಲ್ಲ. ಯಂತ್ರ ನಿಲ್ಲುತ್ತದೆಯೇ ಎಂದು ನೋಡಿದಳು. ನಿಲ್ಲಲಿಲ್ಲ. ಶಾಖವೂ ಮಿತಿಯಿಂದ ಕೆಳಗೆ ಬಂದು ನಿಂತಿತು.

ಹೀಗೆ ಮಾಡಿದ ಮೇಲೆ ಯಂತ್ರವನ್ನು ಪರೀಕ್ಷೆಗೆ ಒಡ್ಡಬೇಕು. ಉತ್ತರ ಗೊತ್ತಿರುವ ಹಳೆಯ ಲೆಕ್ಕವೊಂದನ್ನು ಕೊಟ್ಟು, ಅದೇ ಉತ್ತರ ಬರುತ್ತದೆಯೇ ಎಂದು ನೋಡಬೇಕು. ಅದೂ ಅವಳಿಗೆ ಗೊತ್ತಿತ್ತು. ಹಿಂದಿನ ಮಳೆಗಾಲದ ಹೊಳೆಯ ಲೆಕ್ಕ ಆ ಯಂತ್ರದಲ್ಲೇ ಇತ್ತು. ಕೈ ಅತ್ತ ಹೋಯಿತು. ಆದರೆ ಪರೀಕ್ಷೆಗೆ ಸಮಯ ಬೇಕು, ಮಧ್ಯಾಹ್ನಕ್ಕೆ ಉತ್ತರ ಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ವೇಗ ತಾಳದಿದ್ದರೆ ಮೊದಲಿನಂತೆ ನಿಂತುಬಿಡುತ್ತಿತ್ತು, ನಿಂತಿಲ್ಲವೆಂದರೆ ಸರಿ ಇದೆ ಎಂದುಕೊಂಡಳು. ಕೈ ಹಿಂದಕ್ಕೆ ಬಂತು. ಆ ದಿನದ ಲೆಕ್ಕವನ್ನೇ ಕೊಟ್ಟಳು.

ಯಂತ್ರ ಎಲ್ಲಿಯೂ ತಡವರಿಸದೆ ಓಡಿತು. ಹೇಳಿದ ಹೊತ್ತಿಗೆ ಉತ್ತರ ಬಂತು. ಕೆಳಗಿನ ಓಣಿಯ ಹೊಸ್ತಿಲಿಗಿಂತ ಆಳೆತ್ತರ ಕೆಳಗೆ ನೀರು ನಿಲ್ಲುತ್ತದೆ ಎಂದು ಅದರಲ್ಲಿತ್ತು.

ನೀಲಗಂಗಾಳಿಗೆ ಹೋದ ಜೀವ ಬಂದಂತಾಯಿತು. ಭರಮಣ್ಣನಿಗೆ ಫೋನ್ ಮಾಡಿದಳು. "ಅಧ್ಯಕ್ಷರೇ, ಯಾರನ್ನೂ ಏಳಿಸಬೇಡಿ. ನೀರು ಓಣಿಗೆ ಬರುವುದಿಲ್ಲ."

"ನಿನ್ನ ಬಾಯಿಗೆ ಸಕ್ಕರೆ ಬೀಳಲಿ, ತಾಯಿ" ಎಂದ ಭರಮಣ್ಣ. ಅಲ್ಲಿ ಜನ ಆಗಲೇ ಗಾಡಿ ಕಟ್ಟಿ ಜೋಳದ ಚೀಲ ಹೇರಿದ್ದರು. ಅವನ ಮಾತು ಕೇಳಿ ಚೀಲಗಳನ್ನು ಮತ್ತೆ ಮನೆಯೊಳಗೆ ಹೊತ್ತರು. ಎತ್ತುಗಳನ್ನು ನೊಗದಿಂದ ಬಿಚ್ಚಿದರು.

ಇತ್ತ ನೀಲಗಂಗಾ ಉಳಿದ ಊರುಗಳ ಅಂಕಿ ನೋಡುತ್ತ ಹೋದಳು. ಒಂದು ಕಡೆ ಅವಳ ಕಣ್ಣು ನಿಂತಿತು. ಮೇಲಿನ ಸೇತುವೆಯ ಹತ್ತಿರದ ನೀರಿನ ಮಟ್ಟಕ್ಕಿಂತ, ಅದರ ಕೆಳಗಿನ ತಿರುವಿನ ಮಟ್ಟವೇ ಎತ್ತರವಿತ್ತು. ಯಂತ್ರ ಹೇಳಿದ್ದು ನಿಜವಾದರೆ ನದಿ ದಿಣ್ಣೆ ಹತ್ತಿ ಹರಿಯಬೇಕಿತ್ತು.

ಅವಳು ಆ ತಿರುವಿನ ಸಣ್ಣ ಭಾಗವೊಂದನ್ನೇ ಬೇರೆ ಮಾಡಿ ಯಂತ್ರಕ್ಕೆ ಕೊಟ್ಟಳು. ಒಂದು ಉತ್ತರ ಬಂತು. ಅದೇ ಅಂಕಿಗಳನ್ನು ಮತ್ತೆ ಕೊಟ್ಟಳು. ಬೇರೆ ಉತ್ತರ ಬಂತು. ಮತ್ತೊಮ್ಮೆ ಕೊಟ್ಟಳು. ಈ ಸಲದ್ದು ಅವೆರಡೂ ಅಲ್ಲ. ಯಂತ್ರ ಬಿಸಿಯಾಗಿರಲಿಲ್ಲ, ನಿಂತಿರಲಿಲ್ಲ, ಎಚ್ಚರಿಕೆಯ ಒಂದು ಅಕ್ಷರವನ್ನೂ ತೋರಿಸಿರಲಿಲ್ಲ. ಅವಳು ಇಳಿಸಿದ ಆ ಕೂದಲೆಳೆ ವೋಲ್ಟೇಜ್ ಸಾಲದೆ ಅದು ಎಲ್ಲೋ ಒಂದೊಂದು ಕಡೆ ತಪ್ಪು ಕೂಡುತ್ತಿತ್ತು. ಆ ತಪ್ಪನ್ನು ಹೊತ್ತುಕೊಂಡೇ ಮುಂದಕ್ಕೆ ಓಡುತ್ತಿತ್ತು.

ಅವಳು ಏರಿಸಿದ್ದನ್ನೆಲ್ಲ ಇಳಿಸಿ, ತಯಾರಿಸಿದವರು ಇಟ್ಟ ವೇಗಕ್ಕೇ ಯಂತ್ರವನ್ನು ತಂದಳು. ಆ ಸಣ್ಣ ಭಾಗವನ್ನು ಎಷ್ಟು ಸಲ ಕೊಟ್ಟರೂ ಈಗ ಒಂದೇ ಉತ್ತರ ಬಂತು. ಆದರೆ ಪೂರ್ತಿ ಲೆಕ್ಕ ಹಾಕಲು ಹೊತ್ತಿರಲಿಲ್ಲ. ನೀರು ಓಣಿಗೆ ಬರುತ್ತದೆಯೋ ಇಲ್ಲವೋ, ಈಗ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಗೊತ್ತಿಲ್ಲ ಎನ್ನುವುದಕ್ಕಿಂತ ಸುಮ್ಮನಿರುವುದು ಸುಲಭವಿತ್ತು. ಉತ್ತರ ಅಕಸ್ಮಾತ್ ಸರಿಯೇ ಇದ್ದರೂ ಇರಬಹುದಿತ್ತು. ಒಂದು ಗಳಿಗೆ ಆ ಯೋಚನೆಯೂ ಅವಳ ಮನಸ್ಸಿಗೆ ಬಂದು ಹೋಯಿತು. ಆಮೇಲೆ ಫೋನ್ ಎತ್ತಿದಳು. ಹತ್ತಲಿಲ್ಲ. ಮತ್ತೆ ಮಾಡಿದಳು. ಹಳ್ಳಿಯ ಟವರಿಗೆ ಕರೆಂಟು ಹೋಗಿತ್ತು.

ಆಫೀಸಿನ ಜೀಪು ತೆಗೆದುಕೊಂಡು ಹೊರಟಳು. ಹಳ್ಳದ ನೀರು ಅಲ್ಲಲ್ಲಿ ರಸ್ತೆಗೆ ಬಂದಿತ್ತು. ಒಂದು ಕಡೆ ನೀರು ಬಾಗಿಲಿನ ತನಕ ಮುಟ್ಟಿ ಇಂಜಿನ್ನು ಕೆಮ್ಮಿತು. ಅವಳು ಆಕ್ಸಿಲರೇಟರಿನಿಂದ ಕಾಲು ಎತ್ತದೆ ದಾಟಿಸಿದಳು. ಎಡಗಡೆ ಹೊಳೆ ಕಾಣುತ್ತಿತ್ತು. ಅದು ಕೆಂಪಾಗಿತ್ತು, ಬೆಳಗಿಗಿಂತ ಬಹಳ ಅಗಲವಾಗಿತ್ತು.

ಭರಮಣ್ಣ ಪಂಚಾಯಿತಿ ಕಟ್ಟೆಯ ಮೇಲೆ ನಿಂತಿದ್ದ. ನೀಲಗಂಗಾ ಜೀಪಿನಿಂದ ಇಳಿದವಳೇ ಅಂದಳು, "ಅಧ್ಯಕ್ಷರೇ, ನಾನು ಹೇಳಿದ್ದು ತಪ್ಪು. ಸರಿ ಯಾವುದು ಅಂತ ನನಗೂ ಗೊತ್ತಿಲ್ಲ. ಎಲ್ಲರನ್ನೂ ಗುಡ್ಡಕ್ಕೆ ಏರಿಸಿ."

ಭರಮಣ್ಣ ಕಟ್ಟೆಯಿಂದ ಕೆಳಗೆ ಬಂದ. ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಓಣಿಗೆ ಇಳಿದ.

ಜನ ಸುಲಭಕ್ಕೆ ಏಳಲಿಲ್ಲ. ಬೆಳಿಗ್ಗೆ ಏಳಿ ಎಂದರು, ಮಧ್ಯಾಹ್ನ ಬೇಡ ಎಂದರು, ಈಗ ಮತ್ತೆ ಏಳಿ ಎನ್ನುತ್ತಾರೆ ಎಂದು ಗೊಣಗಿದರು. ಒಬ್ಬ ಮುದುಕಿ ಒಲೆಯ ಮುಂದಿನಿಂದ ಅಲುಗಲೇ ಇಲ್ಲ. ನೀಲಗಂಗಾ ಅವಳ ಒಂದು ತೋಳು ಹಿಡಿದಳು, ಸೊಸೆ ಇನ್ನೊಂದು ಹಿಡಿದಳು. ಬಾಣಂತಿಯರನ್ನು ಜೀಪಿನಲ್ಲಿ ಕೂರಿಸಿದರು. ಹಾಸಿಗೆ ಹಿಡಿದವರನ್ನು ಕಂಬಳಿಯಲ್ಲಿ ಹೊತ್ತರು. ಚೀಲಗಳನ್ನು ಮತ್ತೆ ಗಾಡಿಗೆ ಹೇರಲು, ಎಲ್ಲ ಕೊಟ್ಟಿಗೆಗಳ ಎತ್ತು ಬಿಡಿಸಲು ವೇಳೆ ಇರಲಿಲ್ಲ.

ಕೊನೆಯವರು ಗುಡ್ಡದ ಬುಡ ಮುಟ್ಟುವಾಗ ನೀರು ಓಣಿಯ ಬಾಯಿಗೆ ಬಂತು. ಸದ್ದಿಲ್ಲದೆ ಬಂತು. ಹೊಸ್ತಿಲು ದಾಟಿತು, ಸೂರಿನ ಅಂಚು ಮುಟ್ಟಿತು. ಮನುಷ್ಯರ ಜೀವ ಹೋಗಲಿಲ್ಲ. ಆ ಓಣಿಯ ವರ್ಷದ ಜೋಳವೆಲ್ಲ ಹೋಯಿತು. ಬಿಚ್ಚಿ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎತ್ತುಗಳಲ್ಲಿ ಭರಮಣ್ಣನ ಜೋಡಿಯೂ ಹೋಯಿತು. ಗುಡ್ಡದ ಮೇಲೆ ನಿಂತು ಅವನು ಆ ಕಡೆಗೇ ನೋಡುತ್ತಿದ್ದ. ನೀಲಗಂಗಾ ಹತ್ತಿರ ಹೋದಳು. ಅವನು ಅವಳನ್ನು ಬೈಯಲಿಲ್ಲ. ತಾಯಿ ಎಂದು ಕರೆಯಲೂ ಇಲ್ಲ.

ನೀಲಗಂಗಾ ಕೆಲಸ ಬಿಡಲಿಲ್ಲ. ವೇಗ ಏರಿಸುವುದನ್ನೂ ಬಿಡಲಿಲ್ಲ. ಆದರೆ ಅದನ್ನು ಬೇಸಿಗೆಯಲ್ಲೇ ಏರಿಸಿದಳು, ಬಂದುಹೋದ ನೆರೆಗಳ ಲೆಕ್ಕವನ್ನೆಲ್ಲ ಯಂತ್ರಕ್ಕೆ ಒಂದೊಂದಾಗಿ ಕೊಟ್ಟಳು. ಒಂದು ಉತ್ತರ ಹುಲ್ಲುಕಡ್ಡಿಯಷ್ಟು ತಪ್ಪಿದರೂ ವೇಗ ಇಳಿಸಿದಳು. ಕೊನೆಗೆ ಉಳಿದ ಲಾಭ ಸ್ವಲ್ಪವೇ. ಅಷ್ಟಕ್ಕೆ ನಿಂತಳು. ಮರುವರ್ಷ ಹೊಳೆ ಬಂದಾಗ ಸರಿಯಾದ ಲೆಕ್ಕವನ್ನೇ ಹೇಳಿ ಕಳಿಸಿದಳು. ಹಳ್ಳಿಯಿಂದ ಬಂದ ಮರುಪ್ರಶ್ನೆ ಒಂದೇ. "ಇದು ಮೊದಲನೆಯ ಮಾತೋ, ಎರಡನೆಯದೋ?"

ಗುರುಗಳು ಕತೆ ನಿಲ್ಲಿಸಿದರು.

ಅಡಿವೆಯ್ಯ ಕೇಳಿದ, "ಆ ಯಂತ್ರ ನಿಂತುಬಿಟ್ಟಿದ್ದರೆ ಅವಳಿಗೆ ಆಗಲೇ ತಿಳಿಯುತ್ತಿತ್ತು. ನಮ್ಮ ಮೈ ಯಂತ್ರದ ಹಾಗಲ್ಲವಲ್ಲ. ಎಡವಿದರೆ ನಮಗೆ ಗೊತ್ತಾಗುವುದಿಲ್ಲವೇ?"

ಗುರುಗಳು ಮೇಲೆದ್ದು ಹೇಳಿದರು, "ಇವತ್ತು ಬೆಳಿಗ್ಗೆ ನೀನು ಮಕ್ಕಳಿಗೆ ತಪ್ಪಾಗಿ ಹೇಳಿಕೊಟ್ಟ ಪಾಠವನ್ನು ನಾನು ಕತೆಗೆ ಕೂರುವ ಮೊದಲಷ್ಟೇ ತಿದ್ದಿ ಬಂದೆ, ಅಡಿವೆಯ್ಯ."