ಗಾಲಿ ಬಿಚ್ಚಿದ ಬಿಲ್ಲು

"ಗುರುಗಳೇ, ಭಯ ಹೋಗಲೆಂದು ಉಪವಾಸ ಹಿಡಿದೆ. ಭಯ ಹೆಚ್ಚಾಯಿತು. ಉಪವಾಸವನ್ನೂ ಹೆಚ್ಚಿಸಿದೆ. ಇನ್ನೆಷ್ಟು ಬಿಗಿ ಮಾಡಿದರೆ ಮನಸ್ಸು ಹಗುರಾಗುತ್ತದೆ?" ಎಂದು ಶಿಷ್ಯನೊಬ್ಬ ಕೇಳಿದ. ಅವನ ದನಿ ಕ್ಷೀಣವಾಗಿತ್ತು.

ಗುರುಗಳು ಹೇಳತೊಡಗಿದರು:

ಒಬ್ಬ ಬಿಲ್ಲುಗಾರನಿದ್ದ. ಅವನ ಬಳಿ ಒಂದು ಹಳೆಯ ಕಾಂಪೌಂಡ್ ಬಿಲ್ಲು ಇತ್ತು. ಅದರ ತುದಿಗಳಲ್ಲಿ ಗಾಲಿಗಳು. ಹೆದೆ ಎಳೆಯುವಾಗ ಮೊದಲು ಭಾರ. ಕೈ ಕೆನ್ನೆಗೆ ಬರುವಷ್ಟರಲ್ಲಿ ಗಾಲಿ ಹೊರಳಿ ಭಾರ ಇಳಿದುಬಿಡುತ್ತಿತ್ತು. ಅವನ ಅರ್ಧ ಆಯುಷ್ಯ ಹೀಗೇ ಕಳೆದಿತ್ತು.

ಗಾಲಿಗಳು ಸವೆದವು. ಬಿಲ್ಲಿನ ತೋಳುಗಳೆರಡೂ ಬಿರುಕು ಬಿಟ್ಟವು. ನಡುವಿನ ಲೋಹದ ಹಿಡಿ ಮಾತ್ರ ಗಟ್ಟಿಯಾಗಿತ್ತು. ಅವನಿಗೆ ಅದನ್ನು ಎಸೆಯಲು ಮನಸ್ಸಾಗಲಿಲ್ಲ. ಗಾಲಿ, ತೋಳು ಬಿಚ್ಚಿದ. ತುದಿ ಹೊರಬಾಗಿದ ಮರದ ತೋಳುಗಳನ್ನು ಅದೇ ಹಿಡಿಗೆ ಬಿಗಿದ. ರಿಕರ್ವ್ ಬಿಲ್ಲಾಯಿತು. ಹೆದೆಯೇರಿಸಿ, ಬಾಣ ಹೂಡದೆ, ಬಲ ನೋಡಲೆಂದು ಎಳೆದ. ಹೆಂಡತಿ ಪಕ್ಕದಲ್ಲಿ ನಿಂತಿದ್ದಳು.

ಹಿಡಿ ಹಳೆಯದು. ಕೈ ಅದನ್ನು ಹಳೆಯ ಬಿಲ್ಲೆಂದೇ ನಂಬಿತು. ಹೆದೆ ಕೆನ್ನೆಗೆ ಬಂತು, ಭಾರ ಇಳಿಯಲಿಲ್ಲ. ಇನ್ನಷ್ಟು ಎಳೆದ. ಭಾರ ಏರಿತು.

"ಸಾಕು, ಇಳಿಸಿ" ಎಂದಳು ಹೆಂಡತಿ.

"ಇರೇ, ಇನ್ನೇನು ಹಗುರಾಗುತ್ತೆ."

"ಹೇಗೆ ಹಗುರಾಗುತ್ತೆ? ಗಾಲಿ ಬಿಚ್ಚಿ ಬಿಸಾಕಿದ್ದು ಯಾರು, ನಮ್ಮಪ್ಪನಾ?"

ಅವನಿಗೆ ಆಗ ನೆನಪಾಯಿತು. ಆ ಹೊತ್ತಿಗೆ ಹೆದೆ ಕಿವಿ ದಾಟಿತ್ತು. ಬಿಲ್ಲಿನ ಮೇಲುತೋಳು ಕಿರ್ರೆಂದಿತು. ಇನ್ನೊಂದು ಬೆರಳಷ್ಟು ಎಳೆದರೆ ಸಿಡಿಯುತ್ತದೆ. ಬಲವನ್ನು ಹೊತ್ತೊಯ್ಯಲು ಬಾಣವಿಲ್ಲದ ಹೆದೆಯನ್ನು ಬಿಟ್ಟುಬಿಟ್ಟರೂ ಸಿಡಿಯುತ್ತದೆ. ಚೂರು ಕಣ್ಣಿಗೇ ಬರುತ್ತದೆ. ನಿಧಾನವಾಗಿ ಇಳಿಸೋಣವೆಂದರೆ ರಟ್ಟೆಯಲ್ಲಿ ಕಸುವು ಉಳಿದಿರಲಿಲ್ಲ. ಬೆವೆತ ಬೆರಳುಗಳು ಜಾರತೊಡಗಿದವು. ದೂರ ಹೋಗು ಎಂದ.

ಅವಳು ದೂರ ಹೋಗಲಿಲ್ಲ. ಹಿಂದಿನಿಂದ ಬಂದು, ಅವನ ಬೆರಳುಗಳ ಪಕ್ಕದಲ್ಲೇ ತನ್ನ ಬೆರಳುಗಳನ್ನೂ ಹೆದೆಗೆ ಕೊಟ್ಟಳು. ಈಗ ಸಿಡಿದರೆ ಇಬ್ಬರ ಮುಖಕ್ಕೂ. ಉಸಿರು ಬಿಗಿಹಿಡಿದು, ಇಷ್ಟಿಷ್ಟೇ, ಇಬ್ಬರೂ ಹೆದೆಯನ್ನು ಬಂದ ದಾರಿಯಲ್ಲೇ ಮರಳಿಸಿದರು.

ಗುರುಗಳು ಕತೆ ನಿಲ್ಲಿಸಿದರು.

"ಅವಳು ಅಲ್ಲಿರದಿದ್ದರೆ?" ಎಂದ ಶಿಷ್ಯ.

"ನೀನು ಉಪವಾಸಕ್ಕೆ ಕೂರುವಾಗ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತೀಯಂತೆ" ಎಂದರು ಗುರುಗಳು.