ಕುಂಟೆ ತುಂಬಿದ ದಿನ ಬಾರದ ಕರಡಿ

ಬಂಡೆಗುಡ್ಡಗಳ ಊರೊಂದರಲ್ಲಿ ಶರಣಬಸಪ್ಪ ಎಂಬ ಮೇಷ್ಟ್ರಿದ್ದರು. ಬೇಸಿಗೆ ರಜೆಯಲ್ಲಿ ಪೇಟೆಯ ಮಕ್ಕಳನ್ನು ಕುರುಚಲು ಕಾಡಿಗೆ ಕರೆದೊಯ್ದು ಪ್ರಾಣಿ ಪಕ್ಷಿ ತೋರಿಸುವುದು ಅವರ ಹುಚ್ಚು. ಈಚೆಗೆ ಮೊಣಕಾಲು ಸೋತಿತ್ತು. ಶಿಷ್ಯ ಪಂಪಾಪತಿಯನ್ನು ಕರೆದು ಹೇಳಿದರು:

"ಈ ಸಲ ನೀನೇ ಮುಂದ ನಿಲ್ಲು. ಮಕ್ಕಳು ಖುಷಿಲೆ ಮನಿಗೆ ಹೋದ್ರ ಮುಂದಿನ ವರ್ಷದಿಂದ ಇದೆಲ್ಲಾ ನಿಂದು. ಇಲ್ಲಂದ್ರ ಇಲ್ಲಿಗೇ ನಿಲ್ಲಿಸೂಣು."

ಬೇಸಿಗೆಯಲ್ಲಿ ಆ ಕಾಡಿನ ನೀರೆಲ್ಲ ಬತ್ತಿ ಒಂದೇ ಒಂದು ಕುಂಟೆ, ಅಂದರೆ ಸಣ್ಣ ನೀರಿನ ಹೊಂಡ, ಉಳಿಯುತ್ತದೆ. ಸಂಜೆಯಾದರೆ ಕರಡಿ ಅಲ್ಲಿಗೇ ಬರಬೇಕು. ಪಂಪಾಪತಿ ಕುಂಟೆಯ ಎದುರಿಗೆ ಸೊಪ್ಪು ಸದೆ ಕಟ್ಟಿ ಒಂದು ಮರೆ ಮಾಡಿದ. ಒಳಗೆ ಕೂತರೆ ನಾವು ಕರಡಿಗೆ ಕಾಣುವುದಿಲ್ಲ, ಕರಡಿ ನಮಗೆ ಕಾಣುತ್ತದೆ. ಅದನ್ನು ಕಟ್ಟುವಷ್ಟರಲ್ಲಿ ಅವನ ಕೈಯೆಲ್ಲ ಮುಳ್ಳು ಗೀರಿತ್ತು.

ಮಕ್ಕಳು ಬರುವ ಹಿಂದಿನ ರಾತ್ರಿ ಗುಡುಗು, ಆಲಿಕಲ್ಲು, ಧೋ ಎಂದು ಮಳೆ. ಬೆಳಿಗ್ಗೆ ನೋಡಿದರೆ ಕುಂಟೆ ತುಂಬಿತ್ತು.

"ಬಾಳ ಚಲೋ ಆತು! ಇವತ್ತು ಕರಡಿ ಕುಣಕೋತ ಬರ್ತೈತಿ" ಎಂದು ಪಂಪಾಪತಿ ಹಿಗ್ಗಿದ. ಮೇಷ್ಟ್ರು ತಮ್ಮ ದುರ್ಬೀನು ಒರೆಸುತ್ತ ಕೂತರು. ಹೇಳಿಕೊಟ್ಟರೆ ಅದು ಪರೀಕ್ಷೆ ಹೇಗಾದೀತು?

ಸಂಜೆ ಮಕ್ಕಳ ಜೊತೆ ಪಂಪಾಪತಿಯೂ ಮೇಷ್ಟ್ರೂ ಮರೆಯೊಳಗೆ ಕೂತರು. ಕರಡಿ ಬರಲಿಲ್ಲ. ನವಿಲೂ ಬರಲಿಲ್ಲ. ಬಂದದ್ದು ಸೊಳ್ಳೆ ಮಾತ್ರ. ಮಕ್ಕಳು ಗುಸುಗುಸು ಎಂದರೆ ಪಂಪಾಪತಿ ಕಣ್ಣು ಬಿಡುತ್ತಿದ್ದ. ಕೊನೆಗೆ ಅವನಿಗೇ ಅಳು ಬರುವಂತಾಯಿತು.

"ಮಳಿ ಎಲ್ಲಾ ಕೆಡಿಸಿಬಿಡ್ತು ರೀ ಸರ್. ವಾಪಸ್ ಹೋಗೂಣು."

"ಕರಡಿ ಇಲ್ಲಿಗೆ ಯಾಕ ಬರ್ತಿತ್ತು?" ಮೇಷ್ಟ್ರು ಕೇಳಿದರು.

"ನೀರಿಗೆ ರೀ."

"ಇವತ್ತು ನೀರು ಎಲ್ಲೈತಿ?"

ಪಂಪಾಪತಿ ಸೊಪ್ಪು ಸರಿಸಿ ಹೊರಗೆ ನೋಡಿದ. ಬಂಡೆಯ ಗುಳಿಗುಳಿಯಲ್ಲೂ ನೀರು ನಿಂತಿತ್ತು. ಮನೆ ಬಾಗಿಲಲ್ಲೇ ನೀರಿರುವಾಗ ಕರಡಿಗೆ ಇಷ್ಟು ದೂರ ನಡೆಯಲು ಹುಚ್ಚೇ?

ಕೈ ಗೀರಿಸಿಕೊಂಡು ಕಟ್ಟಿದ ಮರೆಯನ್ನು ಬಿಟ್ಟು ಏಳುವುದು ಸುಲಭವಲ್ಲ. ಪಂಪಾಪತಿ ಎದ್ದ.

"ಮಕ್ಕಳೇ, ನಿಮ್ಮನ್ನ ತಪ್ಪು ಜಾಗದಾಗ ಕುಂದರಿಸಿದ್ದೆ. ಮಳಿ ಬಿದ್ರ ಹುತ್ತದಿಂದ ರೆಕ್ಕಿ ಗೆದ್ದಲು ಏಳ್ತಾವು. ಗೆದ್ದಲಂದ್ರ ಕರಡಿಗೆ ಹೋಳಿಗಿ ಊಟ! ಬರ್ರಿ, ಹುತ್ತ ಕಾಣೋ ಗುಡ್ಡ ಹತ್ತೂಣು."

ಮೊಣಕಾಲು ನೋವಿನ ಮೇಷ್ಟ್ರು ಮರೆಯಲ್ಲೇ ಉಳಿದರು.

ಗುಡ್ಡದ ಮೇಲಿಂದ ನೋಡಿದರೆ, ಎದುರಿನ ಇಳಿಜಾರಿನ ಹುತ್ತಗಳಿಂದ ಗೆದ್ದಲು ಹೊಗೆಯಂತೆ ಏಳುತ್ತಿದ್ದವು. ಕಾಜಾಣಗಳು ಅವನ್ನು ಗಾಳಿಯಲ್ಲೇ ಹಿಡಿದು ನುಂಗುತ್ತಿದ್ದವು. ಆಮೇಲೆ ಕರಡಿ ಬಂತು, ಬೆನ್ನ ಮೇಲೆ ಮರಿ ಹೊತ್ತುಕೊಂಡು! ಹುತ್ತಕ್ಕೆ ಮೂತಿ ಇಟ್ಟು ಸೊರ್ ಸೊರ್ ಎಂದು ಹೀರಿದ ಸದ್ದು ಈಚೆ ಗುಡ್ಡದವರೆಗೂ ಕೇಳಿಸಿತು. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು.

ಇಳಿದು ಬಂದವರು ಎಲ್ಲರೂ ಒಟ್ಟಿಗೇ ಮಾತಾಡಿದರು. ಮೇಷ್ಟ್ರಿಗೆ ಒಂದು ಮಾತೂ ಸರಿಯಾಗಿ ಕೇಳಿಸಲಿಲ್ಲ, ಆದರೂ ಕಣ್ಣು ತುಂಬಿ ಬಂತು. ತಮ್ಮ ದುರ್ಬೀನನ್ನು ತೆಗೆದು ಪಂಪಾಪತಿಯ ಕೊರಳಿಗೆ ಹಾಕಿದರು.

"ಈ ಮರೆ ಕಿತ್ತು ಒಗೀಲೇನ್ರಿ ಸರ್?" ಕಟ್ಟಿದ ಸೊಪ್ಪಿನ ಕಡೆ ಕೈ ತೋರಿಸಿ ಪಂಪಾಪತಿ ಕೇಳಿದ.

"ಯಾಕ? ಬಿಸಿಲಿಗೆ ನೀರು ಆರಿದ ಮ್ಯಾಲೆ ಮತ್ತ ಬೇಕಾಗತೈತಿ. ಆವಾಗ ಹುತ್ತದ ಮುಂದ ಕಾಯಬ್ಯಾಡ, ಅಷ್ಟ."

ನೀತಿ: ಹವೆ ಬದಲಾದರೆ ಕೆಡುವುದು ನಮ್ಮ ಯೋಜನೆ, ಕಾಡಲ್ಲ. ನಿನ್ನೆಯ ಜಾಗದಲ್ಲಿ ಕೂತು ಮಳೆಯನ್ನು ಬೈಯುವ ಬದಲು, ಇಂದು ಏನು ಬದಲಾಗಿದೆ ಎಂದು ನೋಡಿ ಎದ್ದವನಿಗೆ ಕಾಡು ತಾನಾಗಿಯೇ ಕಾಣುತ್ತದೆ.